ಬೀರುವಿನಲ್ಲಿ ಬೀಗ ಹಾಕಿಟ್ಟ ಮಳೆ ಪುಸ್ತಕ

ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ಮಕ್ಕಳ ಮನಶ್ಶಾಸ್ತ್ರಜ್ಞೆಯ ಉತ್ತರ

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು, ಸಣ್ಣ ಕಾಫಿ ತೋಟ ಇದೆ. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಜೂನ್ ಮುಗಿಯುವುದರೊಳಗೆ ಮೂರು ಕೊಡೆ ಕಳೆದುಕೊಂಡು ಬಂದ. ಶಾಲೆಯ ವ್ಯಾನು ಬರುವುದು ಏಳೂಕಾಲಕ್ಕೆ. ಆ ಹೊತ್ತಿಗೆ ಅವನು ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಿಂತಿರುತ್ತಾನೆ. ಒಂದು ನೋಟ್ಸೂ ಪೂರ್ತಿ ಇಲ್ಲ. ಅವನ ಅಜ್ಜ 1981ರಿಂದ ತೋಟದ ಮಳೆ ಲೆಕ್ಕ ಬರೆದಿಟ್ಟ ಪುಸ್ತಕವಿದೆ. ಅದನ್ನು ಹಿಡಿದು ಕೂತರೆ ಊಟಕ್ಕೆ ಕರೆದರೂ ಕಿವಿಗೆ ಬೀಳುವುದಿಲ್ಲ. ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ದಿನ ತಡ, ಆ ಸಲ ಎಷ್ಟು ಮೂಟೆ ಕಾಫಿ, ಎಲ್ಲ ಬಾಯಲ್ಲೇ ಹೇಳುತ್ತಾನೆ. ಮೈಸೂರಿನಲ್ಲಿ ತೋರಿಸಿದೆವು. ಐಕ್ಯೂ 112 ಬಂತು, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಎಂದರು. ನಾಲ್ಕು ಗಂಟೆ ಅಲ್ಲಾಡದೆ ಕೂರುವ ಹುಡುಗನಿಗೆ ಗಮನದ ಕಾಯಿಲೆ ಹೇಗೆ ಬರುತ್ತೆ ಅಂತ ಅತ್ತೆ ಕೇಳುತ್ತಾರೆ. ಯಜಮಾನರು 'ನಾನೂ ಹೀಗೇ ಇದ್ದೆ, ಸರಿ ಹೋಗ್ತಾನೆ' ಅನ್ನುತ್ತಾರೆ. ನೋಟ್ಸ್ ಮುಗಿಸುವ ತನಕ ಆ ಪುಸ್ತಕ ಕೊಡಬೇಡಿ ಎಂದು ಶಾಲೆಯವರು ಹೇಳಿದ್ದಕ್ಕೆ ಬೀರುವಿನಲ್ಲಿಟ್ಟು ಬೀಗ ಹಾಕಿ ಮೂರು ವಾರ ಆಯಿತು. ನೋಟ್ಸೂ ಮುಗಿದಿಲ್ಲ. ಮೊನ್ನೆ ರಾತ್ರಿ 'ಅಮ್ಮಾ, ನಾನು ದಡ್ಡನಾ' ಅಂತ ಕೇಳಿದ. ಏನು ಮಾಡಲಿ? ನವೋದಯ ಪರೀಕ್ಷೆಗೆ ಕೂರಿಸಬಹುದೇ? ವರದಿಯ ನಕಲು ಕಳಿಸಿದ್ದೇನೆ.
– ಹೆಸರು ಬೇಡ, ನಾಪೋಕ್ಲು

ಉತ್ತರ: ಇದನ್ನು ಓದಿದ ಕೂಡಲೇ ಎದ್ದು ಹೋಗಿ ಬೀರು ತೆಗೆಯಿರಿ. ಪುಸ್ತಕ ಅವನ ಕೈಗೆ ಕೊಡಿ, ಮಿಕ್ಕಿದ್ದನ್ನು ಆಮೇಲೆ ಓದಿ. 'ನೋಟ್ಸ್ ಮುಗಿಸಿದ್ದಕ್ಕೆ ಕೊಟ್ಟೆ' ಎಂದೋ 'ಇನ್ನು ಮುಂದಾದರೂ ಬುದ್ಧಿ ಕಲಿ' ಎಂದೋ ಹೇಳಬೇಡಿ. 'ಇದು ನಿನ್ನದು, ಇದನ್ನು ಇನ್ನು ಯಾರೂ ಬೀಗ ಹಾಕಿ ಇಡುವುದಿಲ್ಲ' ಅಂತಷ್ಟೇ ಹೇಳಿ.

ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ ಅಂದರೆ, ದಿನದ ಆರೇಳು ಗಂಟೆ ನಿಮ್ಮ ಮಗ ತನಗೆ ಆಗದ ಕೆಲಸವನ್ನೇ ಮಾಡುತ್ತಾ ಬೈಸಿಕೊಳ್ಳುತ್ತಿದ್ದಾನೆ. ತಾನು ಸಮರ್ಥ ಎಂದು ಅವನಿಗೇ ಅನ್ನಿಸುವ ಜಾಗ ಆ ಪುಸ್ತಕ ಒಂದೇ. ಅದನ್ನೂ ಕಿತ್ತುಕೊಂಡರೆ 'ನಾನು ದಡ್ಡನಾ' ಎಂಬ ಪ್ರಶ್ನೆ ಬಾರದೆ ಇನ್ನೇನು ಬಂದೀತು? ಶಾಲೆಯವರದು ಕೆಟ್ಟ ಮನಸ್ಸಲ್ಲ. ಇಷ್ಟವಾದದ್ದನ್ನು ತಡೆದರೆ ಕಷ್ಟವಾದದ್ದನ್ನು ಮಾಡುತ್ತಾನೆ ಅನ್ನುವುದು ನಾವೆಲ್ಲ ಕೇಳಿ ಬೆಳೆದ ಲೆಕ್ಕ. ಮನಸ್ಸು ಮಾಡದೆ ಬಿಟ್ಟ ಮಗುವಿಗೆ ಆ ಲೆಕ್ಕ ಹೊಂದೀತು. ಮಾಡಲಾಗದೆ ಬಿಟ್ಟ ಮಗುವಿಗೆ ಹೊಂದುವುದಿಲ್ಲ. ಮೂರು ವಾರ ಪುಸ್ತಕವಿಲ್ಲದಿದ್ದರೂ ನೋಟ್ಸ್ ಮುಗಿಯಲಿಲ್ಲ ಎಂದು ನೀವೇ ಬರೆದಿದ್ದೀರಲ್ಲ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಈ ಕಾಯಿಲೆಗೆ ಹೆಸರಿಟ್ಟವರು 'ಗಮನದ ಕೊರತೆ' ಅಂತ ಬರೆದು ಎಲ್ಲರನ್ನೂ ದಾರಿ ತಪ್ಪಿಸಿದ್ದಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಈ ಮಕ್ಕಳಿಗೆ ಗಮನ ಇಲ್ಲ ಅಂತಲ್ಲ. ಅದನ್ನು ಬೇಕಾದ ಕಡೆ ತಿರುಗಿಸುವ, ಬೇಡವಾದಾಗ ಬಿಡಿಸಿಕೊಳ್ಳುವ ಹಿಡಿತ ಕಡಿಮೆ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ನಡೆಯುವ ವ್ಯವಹಾರದಲ್ಲಿ ವ್ಯತ್ಯಾಸವಿದೆ. ಕುತೂಹಲ ಕೆರಳಿಸುವ ಕೆಲಸ ಸಿಕ್ಕರೆ ಮನಸ್ಸು ಅದಕ್ಕೇ ಅಂಟಿಕೊಳ್ಳುತ್ತದೆ. ಬೋರ್ಡ್ ನೋಡಿ ಹತ್ತು ಸಾಲು ಬರೆಯುವ ಕೆಲಸಕ್ಕೆ ಅಂಟುವುದೇ ಇಲ್ಲ. ಊಟಕ್ಕೆ ಕರೆದರೆ ಕೇಳಿಸದಿರುವುದು, ಒಂದು ಸಾಕ್ಸ್ ಕೈಯಲ್ಲಿ ಹಿಡಿದು ಮಳೆ ನೋಡುತ್ತಾ ನಿಲ್ಲುವುದು, ಎರಡರ ಬೇರೂ ಒಂದೇ.

ಬುದ್ಧಿವಂತ ಮಕ್ಕಳು ಪಾಠ ಸಪ್ಪೆಯಾದಾಗಲೂ ಹೀಗೇ ಕಾಣುತ್ತಾರೆ ನಿಜ. ಗೊತ್ತಿರುವ ಲೆಕ್ಕವನ್ನೇ ಇಪ್ಪತ್ತು ಸಲ ಮಾಡಿಸಿದರೆ ಯಾವ ಮಗುವಾದರೂ ಕಿಟಕಿಯಾಚೆ ನೋಡೀತು. ಅದಕ್ಕೇ ಒಂದೇ ಜಾಗ ನೋಡಿ ನಾವು ತೀರ್ಮಾನ ಮಾಡುವುದಿಲ್ಲ. ಈಗ ಬಳಕೆಯಲ್ಲಿರುವ ಮಾನದಂಡದಲ್ಲಿ ಒಂಬತ್ತೊಂಬತ್ತು ಲಕ್ಷಣಗಳ ಎರಡು ಪಟ್ಟಿಗಳಿವೆ, ಒಂದು ಗಮನ ನಿಲ್ಲದಿರುವುದರದು, ಇನ್ನೊಂದು ಚಡಪಡಿಕೆ, ಆತುರದ್ದು. ಯಾವುದಾದರೂ ಒಂದರಲ್ಲಿ ಕನಿಷ್ಠ ಆರು ಲಕ್ಷಣ ಇರಬೇಕು, ಆರು ತಿಂಗಳಾದರೂ ಇದ್ದಿರಬೇಕು, ಹನ್ನೆರಡು ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ದಿನದ ಬದುಕಿಗೆ ಅದರಿಂದ ತೊಂದರೆಯೂ ಆಗುತ್ತಿರಬೇಕು. ಪಾಠ ಸಪ್ಪೆಯಾದರೆ ಪಾಠದ ಹೊತ್ತಿನಲ್ಲಿ ಮನಸ್ಸು ಹಾರುತ್ತದೆ, ಸರಿ. ಆದರೆ ಜಡಿಮಳೆಯಲ್ಲಿ ವ್ಯಾನಿನಿಂದ ಇಳಿಯುವವನು ಕೊಡೆ ಮರೆಯುವುದಕ್ಕೂ ಪಾಠದ ಬೇಸರಕ್ಕೂ ಏನು ಸಂಬಂಧ? ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಮೂರು ಕೊಡೆಗಳೇ.

ಈಗ ವರದಿಗೆ ಬರುತ್ತೇನೆ. 112 ಅಂದರೆ 'ಸರಾಸರಿಗಿಂತ ಸ್ವಲ್ಪ ಮೇಲೆ' ಅಂತ ನೀವು ಓದಿಕೊಂಡಿದ್ದೀರಿ, ಶಾಲೆಯವರೂ ಹಾಗೇ ಓದಿದ್ದಾರೆ. ಎರಡನೇ ಪುಟ ತಿರುಗಿಸಿ. ಅಲ್ಲಿ ಉಪಪರೀಕ್ಷೆಗಳ ಅಂಕಗಳಿವೆ. ಅವುಗಳಲ್ಲಿ 10 ಅಂದರೆ ಸರಾಸರಿ. ಎರಡು ಸಂಗತಿಗಳ ನಡುವೆ ಸಾಮ್ಯ ಹುಡುಕುವುದರಲ್ಲಿ ನಿಮ್ಮ ಮಗನಿಗೆ 17, ಘನಗಳನ್ನು ಜೋಡಿಸುವುದರಲ್ಲಿ 16. ಕೇಳಿದ ಅಂಕಿಗಳನ್ನು ನೆನಪಿಟ್ಟು ಹೇಳುವುದರಲ್ಲಿ 7, ಚಿಹ್ನೆಗಳನ್ನು ನೋಡಿ ಬೇಗ ಬೇಗ ಬರೆಯುವುದರಲ್ಲಿ 6. ಯೋಚನೆಯಲ್ಲಿ ಅಷ್ಟು ಎತ್ತರ, ಬರವಣಿಗೆಯ ವೇಗದಲ್ಲಿ ಅಷ್ಟು ತಗ್ಗು. ಎರಡನ್ನೂ ಕೂಡಿಸಿದ್ದಕ್ಕೆ 112 ಎಂಬ ಮಟ್ಟಸ ಸಂಖ್ಯೆ ಬಂದಿದೆ.

ಇದನ್ನು ನಿಮ್ಮ ಮಾವನವರಿಗೆ ತೋರಿಸಿ, ತಕ್ಷಣ ಅರ್ಥವಾಗುತ್ತದೆ. ವರ್ಷಕ್ಕೆ ನೂರು ಇಂಚು ಮಳೆ ಅಂತ ಯಾರಾದರೂ ಹೇಳಿದರೆ ತೋಟದವರು ಅಲ್ಲಿಗೇ ಬಿಡುತ್ತಾರೆಯೇ? ಮಾರ್ಚಿನಲ್ಲಿ ಎಷ್ಟು ಬಿತ್ತು, ಜುಲೈಯಲ್ಲಿ ಎಷ್ಟು ಬಿತ್ತು ಎಂದು ಕೇಳುತ್ತಾರೆ. ಹೂ ಅರಳಿಸುವ ಒಂದಿಂಚು ಹೊತ್ತಿಗೆ ಬಾರದೆ ಜುಲೈಯಲ್ಲಿ ನಲವತ್ತು ಇಂಚು ಸುರಿದರೆ ರೊಬಸ್ಟಾ ಕಾಫಿ ಗಿಡಕ್ಕೆ ಏನು ಬಂತು? ಒಟ್ಟು ಮಾತ್ರ ನೋಡಿದರೆ ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡೂ ಒಂದೇ.

ಈ ತಪ್ಪು ನಾನೂ ಮಾಡಿದ್ದೇನೆ. ವೃತ್ತಿ ಶುರುಮಾಡಿದ ಮೊದಲ ವರ್ಷಗಳಲ್ಲಿ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿಯ) ಒಂದು ಹೆಣ್ಣುಮಗುವನ್ನು ಪರೀಕ್ಷಿಸಿ, ಒಟ್ಟು ಅಂಕ ನೋಡಿ 'ಸಾಧಾರಣ ಬುದ್ಧಿಮತ್ತೆ, ವಿಶೇಷ ತೊಂದರೆ ಕಾಣುವುದಿಲ್ಲ' ಎಂದು ಬರೆದುಕೊಟ್ಟೆ. ಒಳಗಿನ ಅಂಕಗಳು ನಿಮ್ಮ ಮಗನ ಹಾಗೇ ಮೇಲೆ ಕೆಳಗೆ ಜಿಗಿದಿದ್ದವು. ಆ ಮಗು ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಅವಳ ಫೈಲು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಯಾವ ವರದಿ ಬರೆಯುವ ಮೊದಲೂ ಅದನ್ನು ಒಮ್ಮೆ ತೆಗೆದು ನೋಡುತ್ತೇನೆ.

ಇಂಥ ಮಕ್ಕಳಿಗೆ ನಮ್ಮಲ್ಲಿ 'ಟ್ವೈಸ್ ಎಕ್ಸೆಪ್ಶನಲ್' ಎನ್ನುತ್ತಾರೆ, ಅಂದರೆ ಎರಡು ದಿಕ್ಕಿನಲ್ಲೂ ಉಳಿದವರಿಗಿಂತ ಬೇರೆ. ಇವರಿಗಾಗುವ ದೊಡ್ಡ ಅನ್ಯಾಯ ಏನೆಂದರೆ ಒಂದು ಗುಣ ಇನ್ನೊಂದನ್ನು ಮುಚ್ಚುತ್ತದೆ. ಪಾಠ ಕೇಳದಿದ್ದರೂ ಊಹೆಯಿಂದಲೇ ಪಾಸಾಗುವ ಬುದ್ಧಿ ಇರುವುದರಿಂದ ತೊಂದರೆ ಯಾರಿಗೂ ಕಾಣುವುದಿಲ್ಲ. ನೋಟ್ಸು ಅರ್ಧಂಬರ್ಧ ಇರುವುದರಿಂದ ಬುದ್ಧಿ ಯಾರಿಗೂ ಕಾಣುವುದಿಲ್ಲ. ಕೊನೆಗೆ ಕಾಣುವುದು ಅರವತ್ತು ಅಂಕ ತೆಗೆಯುವ ಸೋಮಾರಿ ಹುಡುಗ.

ನಿಮ್ಮ ಯಜಮಾನರು 'ನಾನೂ ಹೀಗೇ ಇದ್ದೆ' ಎಂದಿದ್ದಾರಲ್ಲ, ಆ ಮಾತನ್ನು ತಳ್ಳಿಹಾಕಬೇಡಿ. ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಅಪ್ಪ ಅಮ್ಮ ಬೆಳೆಸಿದ್ದು ಸರಿಯಿಲ್ಲದೆ ಬಂದದ್ದಲ್ಲ ಇದು. ಒಂದು ಸಂಜೆ ಅವರನ್ನು ಕೂರಿಸಿಕೊಂಡು ಕೇಳಿ: ಆಗ ನಿಮಗೆ ಹೇಗಿತ್ತು, ಯಾರು ಬೈದರು, ಯಾರು ಕೈ ಹಿಡಿದರು? ಅವರು 'ಸರಿ ಹೋದ' ದಾರಿಯಲ್ಲಿ ಎಷ್ಟು ಪೆಟ್ಟು ತಿಂದರು ಅನ್ನುವುದು ಮಗನಿಗೂ ಗೊತ್ತಾಗಲಿ. ಅಪ್ಪನೂ ತನ್ನಂತೆಯೇ ಎಂದು ತಿಳಿದರೆ ಆ ಹುಡುಗನಿಗೆ ಸಿಗುವ ಸಮಾಧಾನವನ್ನು ನಾನು ಹತ್ತು ಸಲ ಕೂರಿಸಿ ಮಾತಾಡಿದರೂ ಕೊಡಲಾರೆ.

ಇನ್ನೊಂದು ಸಂಗತಿ ತಿಳಿದಿದ್ದರೆ ನಿಮ್ಮ ಬೆಳಗಿನ ಜಗಳ ಅರ್ಧ ಕಡಿಮೆಯಾಗುತ್ತದೆ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಸಂಗಡಿಗರು ಎಡಿಎಚ್‌ಡಿ ಇರುವ 223 ಮಕ್ಕಳ ಮೆದುಳಿನ ಸ್ಕ್ಯಾನ್‌ಗಳನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳ ಸ್ಕ್ಯಾನ್‌ಗಳ ಜೊತೆ ಹೋಲಿಸಿದರು. ಮೆದುಳಿನ ಹೊರಪದರ ಬಲಿಯುವ ಒಂದು ಹಂತವನ್ನು ಇತರ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ ಇವರು ಮುಟ್ಟಿದ್ದು ಹತ್ತೂವರೆಗೆ. ಕ್ರಮ ಅದೇ, ಆದರೆ ಮೂರು ವರ್ಷ ತಡ. ಯೋಜನೆ, ತಾಳ್ಮೆ, ಹಿಡಿತ ಇವನ್ನೆಲ್ಲ ನೋಡಿಕೊಳ್ಳುವ ಮುಂಭಾಗದಲ್ಲೇ ತಡ ಹೆಚ್ಚು. ಹಾಗಾಗಿ ಮಳೆ ಲೆಕ್ಕದಲ್ಲಿ ಹದಿನಾಲ್ಕರ ಹುಡುಗನಂತಿರುವ ನಿಮ್ಮ ಮಗ ಚೀಲ, ಕೊಡೆ, ಸಾಕ್ಸಿನ ವಿಷಯದಲ್ಲಿ ಏಳರ ಮಗು. ಏಳು ವರ್ಷದ ಮಗುವಿಗೆ ನೀವು ಹೇಗೆ ಜೊತೆಗೆ ನಿಂತು ಮಾಡಿಸುತ್ತೀರೋ ಹಾಗೇ ಮಾಡಿಸಿ. 'ಇಷ್ಟು ಬುದ್ಧಿ ಇದೆ, ಇದು ಆಗಲ್ವಾ' ಎಂಬ ಮಾತನ್ನು ಮನೆಯಲ್ಲಿ ಎಲ್ಲರೂ ಬಿಟ್ಟುಬಿಡಿ.

ಜಗಲಿಯ ಬಾಗಿಲ ಪಕ್ಕದಲ್ಲಿ ಒಂದು ಬುಟ್ಟಿ ಇಡಿ. ರಾತ್ರಿ ಮಲಗುವ ಮುಂಚೆ ನಾಳೆಗೆ ಬೇಕಾದ್ದೆಲ್ಲ ಅದರಲ್ಲಿರಲಿ, ಎರಡೂ ಸಾಕ್ಸ್ ಸಮೇತ. ಕೊಡೆ ಬೇಡ, ಉದ್ದ ರೇನ್‌ಕೋಟು ಕೊಡಿಸಿ, ಮೈಮೇಲಿದ್ದದ್ದು ಕಳೆಯುವುದಿಲ್ಲ. ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಭುಜ ಮುಟ್ಟಿ ಒಂದೇ ಕೆಲಸ ಹೇಳಿ, ಅದು ಮುಗಿದ ಮೇಲೆ ಇನ್ನೊಂದು. 'ಹತ್ತು ನಿಮಿಷ ಇದೆ' ಅನ್ನುವುದು ಈ ಮಕ್ಕಳಿಗೆ ಬರೀ ಸದ್ದು. ಮುಳ್ಳಿರುವ ಗಡಿಯಾರದಲ್ಲಿ ವ್ಯಾನ್ ಬರುವ ಜಾಗಕ್ಕೆ ಕೆಂಪು ಪಟ್ಟಿ ಅಂಟಿಸಿ, ಮುಳ್ಳು ಹತ್ತಿರ ಬರುವುದು ಕಣ್ಣಿಗೆ ಕಾಣಲಿ. ಸಂಜೆ ಬಂದ ಕೂಡಲೇ ಪಾಠದ ಪುಸ್ತಕ ಹಿಡಿಸಬೇಡಿ. ಮೊದಲು ಕಣದಲ್ಲಿ ಮುಕ್ಕಾಲು ಗಂಟೆ ಓಡಲಿ, ಹಾಕಿ ಸ್ಟಿಕ್ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಮೈ ದಣಿದ ಮೇಲೆ ಕೂತು ಬರೆಯುವುದು ಇವರಿಗೆ ಸುಲಭ.

ಶಾಲೆಗೆ ನೀವೇ ಹೋಗಿ, ವರದಿಯ ಎರಡನೇ ಪುಟ ಜೊತೆಗಿರಲಿ. ಟೀಚರನ್ನು ದೂರಬೇಡಿ; ಮೂವತ್ತು ನಲವತ್ತು ಮಕ್ಕಳ ನಡುವೆ ನಿಂತವರು ಅವರು. ಮೂರೇ ಮಾತು ಕೇಳಿಕೊಳ್ಳಿ. ಬೋರ್ಡಿನ ನೋಟ್ಸ್ ಪೂರ್ತಿ ಬರೆಸುವ ಬದಲು ಪಕ್ಕದ ಮಗುವಿನ ಪುಸ್ತಕದ ಫೋಟೊ ತೆಗೆಯಲು ಬಿಡಲಿ. ಹತ್ತು ಸುಲಭ ಲೆಕ್ಕದ ಬದಲು ನಾಲ್ಕು ಕಷ್ಟದ ಲೆಕ್ಕ ಕೊಡಲಿ. ಗೊತ್ತಿದ್ದೂ ಬರೆಯದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಲಿ. ಎರಡನೆಯದು ಅವರಿಗೆ ವಿಚಿತ್ರವಾಗಿ ಕಾಣಬಹುದು, ಆದರೆ ಕೆಲಸ ಕಠಿಣವಾದಷ್ಟೂ ಇಂಥ ಮಕ್ಕಳ ತಪ್ಪು ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯ (ಓದು, ಬರಹ, ಲೆಕ್ಕ ಕಲಿಯುವುದರಲ್ಲಿನ ತೊಂದರೆಯ) ಹೆಸರಿದೆ, ಎಡಿಎಚ್‌ಡಿಗೆ ಬೇರೆ ಹೆಸರಿಲ್ಲ. ಅದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಆದರೆ ಮೇಲೆ ಹೇಳಿದ ಮೂರಕ್ಕೂ ಯಾವ ಸರ್ಟಿಫಿಕೇಟೂ ಬೇಕಿಲ್ಲ, ಟೀಚರ ಮನಸ್ಸು ಸಾಕು. ಅಕ್ಷರ ತಪ್ಪು ಬಹಳ ಇದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದು ಆಗುತ್ತದೆ. ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲ.

ಕಿವಿ, ಕಣ್ಣು, ರಕ್ತದಲ್ಲಿ ಕಬ್ಬಿಣದ ಅಂಶ, ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಎಂಬುದು, ಇವನ್ನೆಲ್ಲ ಮಕ್ಕಳ ವೈದ್ಯರು ನೋಡಿದ್ದಾರೆಯೇ ಎಂದು ಕೇಳಿಕೊಳ್ಳಿ. ಮೂಗಿನ ಹಿಂದಿನ ಗ್ರಂಥಿ ಊದಿಕೊಂಡು ನಿದ್ದೆ ಕೆಟ್ಟ ಮಗುವೂ ಹಗಲಲ್ಲಿ ಹೀಗೇ ಇರುತ್ತದೆ. ಇನ್ನೊಂದು, ನಮ್ಮ ಜಿಲ್ಲೆಯವರೇ ನೆನಪಿಡಬೇಕಾದದ್ದು: 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಮೇಲೆ 'ಕೂತಲ್ಲಿ ಕೂರುವುದಿಲ್ಲ, ಪಾಠ ತಲೆಗೆ ಹೋಗುವುದಿಲ್ಲ' ಎಂದು ನನ್ನ ಬಳಿ ಬಂದ ಮಕ್ಕಳಲ್ಲಿ ಹಲವರಿಗೆ ಇದ್ದದ್ದು ಎಡಿಎಚ್‌ಡಿ ಅಲ್ಲ, ಹೆದರಿಕೆ. ಹೆಂಚಿನ ಮೇಲೆ ಮಳೆ ಜೋರಾದರೆ ಸಾಕು, ಪೆನ್ಸಿಲ್ ಕೆಳಗಿಟ್ಟು ಬಾಗಿಲು ನೋಡುತ್ತಿದ್ದರು. ನಿಮ್ಮ ಮಗನಿಗೆ ಮಳೆಯೆಂದರೆ ಪ್ರೀತಿ, ಆ ಅನುಮಾನ ನನಗಿಲ್ಲ.

ಮಾತ್ರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹೊಸ ಔಷಧವಲ್ಲ, 1950ರ ದಶಕದಿಂದ ಬಳಕೆಯಲ್ಲಿದೆ. ಆರು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಉಪಯೋಗವಾಗುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ಅದಕ್ಕೆ ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುತ್ತಾ ಮನೋವೈದ್ಯರೇ ಕೊಡಬೇಕು. ಅದು ಬುದ್ಧಿ ಮಂಕು ಮಾಡುತ್ತದೆ ಎಂಬ ಭಯ ಬೇಡ. ಮಗು ಮಂಕಾಗಿ ಕೂತರೆ ಪ್ರಮಾಣ ಹೆಚ್ಚಾಗಿರಬಹುದು, ವೈದ್ಯರಿಗೆ ತಿಳಿಸಬೇಕು. ಮೊದಲು ಮನೆ, ಶಾಲೆಯ ಬದಲಾವಣೆ ಎರಡು ಮೂರು ತಿಂಗಳು ಮಾಡಿ ನೋಡಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಹೆಚ್ಚಿನ ತಪಾಸಣೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ.

ನವೋದಯ ಪರೀಕ್ಷೆ ಖಂಡಿತ ಬರೆಸಿ. 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು, ಅವನ ಬಲ ಇರುವುದೇ ಅಲ್ಲಿ, ಉದ್ದುದ್ದ ಬರೆಯುವ ಕಾಟವೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಎರಡು ಗಂಟೆಯನ್ನು ನಾಲ್ಕು ಭಾಗ ಮಾಡಿ ಅಭ್ಯಾಸ ಮಾಡಿಸಿ. ಪಾಸಾದರೆ ಸೇರಿಸಬೇಕೇ ಅನ್ನುವುದು ಬೇರೆ ಮಾತು. ನವೋದಯ ಶಾಲೆಯಿರುವ ಗಾಳಿಬೀಡಿನ ಹಾಸ್ಟೆಲಿನಲ್ಲಿ ಬುಟ್ಟಿ ಇಟ್ಟು, ಭುಜ ಮುಟ್ಟಿ ಎಬ್ಬಿಸಲು ನೀವಿರುವುದಿಲ್ಲ. ಆ ಹೊತ್ತಿಗೆ ಅವನು ಎಷ್ಟು ತಾನೇ ಮಾಡಿಕೊಳ್ಳುತ್ತಿದ್ದಾನೆ ನೋಡಿ ನಿರ್ಧರಿಸಿ, ನನಗೂ ಬರೆಯಿರಿ.

ಆ ಪುಸ್ತಕಕ್ಕೆ ಇನ್ನಷ್ಟು ಕೆಲಸ ಕೊಡಿ. ಪಕ್ಕದ ತೋಟಗಳಲ್ಲೂ ಮಳೆ ಲೆಕ್ಕ ಇಟ್ಟಿರುತ್ತಾರೆ. ಅಜ್ಜನ ಜೊತೆ ಹೋಗಿ ಕೇಳಿ ತರಲಿ, ಎರಡು ತೋಟದ ಹೂಮಳೆಯನ್ನು ಪಕ್ಕಪಕ್ಕದಲ್ಲಿಟ್ಟು ಗ್ರಾಫ್ ಹಾಕಲಿ. ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕವನ್ನು ಮಿಲಿಮೀಟರಿಗೆ ಬದಲಾಯಿಸಲಿ. ಅದನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ದು ನಿಲ್ಲಲಿ. ಅವನ ಟೀಚರು ಆ ದಿನ ನೋಡುವ ಹುಡುಗನೇ ಬೇರೆ.

ಪ್ರಶ್ನೆ: ನಾನು ಕುಶಾಲನಗರದ ಒಂಬತ್ತನೇ ಕ್ಲಾಸ್ ವಿದ್ಯಾರ್ಥಿನಿ. ಏಳನೆಯವರೆಗೂ ಓದದೆಯೇ ಫಸ್ಟ್ ಬರುತ್ತಿದ್ದೆ. ಈಗ ಪುಸ್ತಕ ತೆರೆದರೆ ಒಂದೇ ಪುಟ ಐದು ಸಲ ಓದುತ್ತೇನೆ, ಏನು ಓದಿದೆ ಅಂತ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಸುಮ್ಮನೆ ಕೂತಿರುತ್ತೇನೆ, ಗಲಾಟೆ ಮಾಡುವುದಿಲ್ಲ. ಮೊಬೈಲಿನಿಂದ ಹೀಗಾಯಿತು ಎಂದು ಅಮ್ಮ ಬೈಯುತ್ತಾರೆ. ಎಡಿಎಚ್‌ಡಿ ಹುಡುಗಿಯರಿಗೂ ಬರುತ್ತದಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಬರುತ್ತದೆ ಮಗಳೇ. ಗಲಾಟೆ ಮಾಡದೆ, ಒಳಗೊಳಗೇ ಮನಸ್ಸು ಅಲೆಯುವ ಬಗೆಯೂ ಅದರಲ್ಲಿದೆ. ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಅದೇ. ಬೆಂಚು ಹಾರುವ ಹುಡುಗನನ್ನು ಶಾಲೆಯವರು ಒಂದೇ ವಾರದಲ್ಲಿ ನನ್ನ ಬಳಿ ಕಳಿಸುತ್ತಾರೆ. ಸುಮ್ಮನೆ ಕೂತ ಹುಡುಗಿಯನ್ನು 'ಒಳ್ಳೆಯವಳು' ಎಂದು ಬಿಡುತ್ತಾರೆ. ಬುದ್ಧಿ ಚುರುಕಾಗಿದ್ದರೆ ಏಳನೇ ಕ್ಲಾಸಿನವರೆಗೂ ಅದೇ ನಿನ್ನನ್ನು ದಡ ಸೇರಿಸಿರುತ್ತದೆ. ಎಂಟು ಒಂಬತ್ತಕ್ಕೆ ಪಾಠ ಜಾಸ್ತಿಯಾಗಿ, ಎಲ್ಲವನ್ನೂ ನೀನೇ ಹೊಂದಿಸಿಕೊಳ್ಳಬೇಕಾದಾಗ ತೊಂದರೆ ಮೊದಲ ಸಲ ಹೊರಗೆ ಬರುತ್ತದೆ. ಇಷ್ಟು ವರ್ಷ ಓದದೆ ಫಸ್ಟ್ ಬಂದವಳಿಗೆ ಓದುವುದು ಹೇಗೆ ಎಂದು ಯಾರೂ ಕಲಿಸಿಯೂ ಇಲ್ಲ.

ಆದರೆ ಪತ್ರ ಓದಿ ಅದೇ ಎಂದು ನಾನು ಹೇಳಲಾರೆ. ನೀನು ಸಣ್ಣವಳಿದ್ದಾಗಲೂ ವಸ್ತು ಕಳೆಯುವುದು, ಹೇಳಿದ್ದು ಮರೆಯುವುದು, ಕತೆ ಕಟ್ಟುತ್ತಾ ಕೂರುವುದು ಇತ್ತೇ ಎಂದು ಅಮ್ಮನನ್ನು ಕೇಳು. ಈ ವರ್ಷವೇ ಹೊಸದಾಗಿ ಶುರುವಾಗಿದ್ದರೆ ನಿದ್ದೆ, ಥೈರಾಯ್ಡ್, ರಕ್ತಹೀನತೆ ಅಥವಾ ಮನಸ್ಸಿಗೆ ಕವಿದ ಬೇಸರ, ಇವುಗಳನ್ನೇ ಮೊದಲು ನೋಡಬೇಕು. ಈ ಪುಟವನ್ನು ಅಮ್ಮನಿಗೆ ಓದಿ ಹೇಳು. ಮನೆಯಲ್ಲಿ ಮಾತಾಡಲು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಲ್ಲಿಯತನಕ ಒಬ್ಬಳೇ ರೂಮಿನಲ್ಲಿ ಕೂತು ಓದಬೇಡ. ಅಮ್ಮ ತರಕಾರಿ ಹೆಚ್ಚುವ ಮೇಜಿನ ಇನ್ನೊಂದು ತುದಿಯಲ್ಲಿ ಕೂರು. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ಮನಸ್ಸು ನಿಲ್ಲುವುದು ಸುಲಭ. ಪುಟ ಓದಿ ಮುಗಿಸುವ ಗುರಿ ಬೇಡ. ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತು ಅಂತ ಅಮ್ಮನಿಗೆ ಒಂದು ವಾಕ್ಯದಲ್ಲಿ ಹೇಳು. ಇಪ್ಪತ್ತು ನಿಮಿಷಕ್ಕೆ ಎದ್ದು ಒಂದು ಸುತ್ತು ನಡೆದು ಬಾ. ಮೊಬೈಲು ಆ ಹೊತ್ತು ಬೇರೆ ಕೋಣೆಯಲ್ಲಿರಲಿ. ಅಮ್ಮ ಹೇಳಿದಂತೆ ಅದೇ ಕಾರಣ ಎಂದಲ್ಲ, ಆದರೆ ಓದುವಾಗ ಅದು ಕೈಗೆ ಸಿಗುವಂತಿದ್ದರೆ ಗೆಲ್ಲುವುದು ಅದೇ.

ಪ್ರಶ್ನೆ: ಕಾಫಿಯಲ್ಲಿರುವ ಕೆಫೀನ್ ಇಂಥ ಮಕ್ಕಳನ್ನು ಶಾಂತಗೊಳಿಸುತ್ತದೆ ಎಂದು ಕೇಳಿದೆ. ಮೊಮ್ಮಗನಿಗೆ ಎಂಟು ವರ್ಷ, ಎಡಿಎಚ್‌ಡಿ ಎಂದಿದ್ದಾರೆ. ದಿನಾ ಎರಡು ಲೋಟ ಬೆಲ್ಲದ ಕಾಫಿ ಕೊಡಬಹುದೇ? ಸಿಹಿಯಿಂದ ಚೇಷ್ಟೆ ಹೆಚ್ಚುತ್ತದೆ ಎಂದು ಸೊಸೆ ಬೇಡವೆನ್ನುತ್ತಾಳೆ.
– ಒಬ್ಬ ಬೆಳೆಗಾರ, ಗೋಣಿಕೊಪ್ಪ

ಉತ್ತರ: ಔಷಧಿಯ ಬದಲಿಗೆ ಎಂದು ಕೊಡಬೇಡಿ ಅಜ್ಜ. ಎಡಿಎಚ್‌ಡಿಗೆ ಕೊಡುವ ಮಾತ್ರೆಯಂತೆ ಕೆಫೀನ್ ಕೂಡ ಉತ್ತೇಜಕವೇ, ಅದಕ್ಕೇ ಆ ಮಾತು ಹುಟ್ಟಿದೆ. ಆದರೆ ಚಿಕಿತ್ಸೆ ಎಂದು ಅವಲಂಬಿಸುವಷ್ಟು ಪ್ರಯೋಜನ ಅದರಲ್ಲಿ ಕಂಡಿಲ್ಲ, ನಿದ್ದೆಯನ್ನಂತೂ ಕೆಡಿಸುತ್ತದೆ. ನಿದ್ದೆಗೆಟ್ಟರೆ ಇಂಥ ಮಗುವಿನ ಮರುದಿನ ಇನ್ನಷ್ಟು ಕಷ್ಟ. ಸಿಹಿ ತಿಂದರೆ ಚೇಷ್ಟೆ ಹೆಚ್ಚುತ್ತದೆಯೇ ಎಂದು ಹಲವು ಪ್ರಯೋಗಗಳು ನಡೆದಿವೆ. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದ 1995ರ ವಿಶ್ಲೇಷಣೆಯಲ್ಲಿ ಹಾಗೇನೂ ಕಾಣಲಿಲ್ಲ, ಸೊಸೆಯವರಿಗೆ ಮೆಲ್ಲಗೆ ಹೇಳಿ. ಅವನಿಗೆ ಬೆಳಿಗ್ಗೆ ಹಾಲು ಕೊಡಿ, ಸಂಜೆ ಅಳಿಲು ಓಡಿಸಲು ಕಾಫಿ ಕಣಕ್ಕೆ ನಿಮ್ಮ ಜೊತೆ ಕರೆದುಕೊಂಡು ಹೋಗಿ.